ಯಾವ ಆಯ್ತು?

ಪೆನ್ನು ನಮ್ಮ ಕೈಯಲ್ಲಿರಬಾರದು ಎಂಬುದು ಮೊದಲ ನಿಯಮ. ಕೇಳಿದ ಪ್ರಶ್ನೆಗೆ ಉತ್ತರ ಹೇಳಬಾರದು, "ನಿನಗೇನನ್ನಿಸುತ್ತೆ?" ಎಂದು ತಿರುಗಿ ಕೇಳಬೇಕು ಎಂಬುದು ಎರಡನೆಯದು. ಮೂರನೆಯದು ಲ್ಯಾಬಿಗೆ ಸಂಬಂಧಿಸಿದ್ದು: ಬೆಂಚಿನ ಮೇಲಿರುವ ಏನನ್ನೂ ನಾವು ಮುಟ್ಟುವಂತಿಲ್ಲ. ಬರ್ಮಿಂಗ್‌ಹ್ಯಾಮಿನ ಒಂದು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದುತ್ತಿದ್ದ ನಾನು, ಹೊಸದಾಗಿ ಸೇರಿದವರಿಗೆ ಮೆಂಟರ್ ಆಗುತ್ತೇನೆಂದು ಹೆಸರು ಕೊಟ್ಟಿದ್ದೆ. ತರಬೇತಿಯ ದಿನ ಬಿಸ್ಕತ್ತು ತಿನ್ನುತ್ತ ಈ ನಿಯಮಗಳನ್ನು ಕೇಳಿದಾಗ, ಇಷ್ಟೇ ತಾನೇ ಅಂದುಕೊಂಡೆ.

ಆದರೆ ನನ್ನ ಕೈಗಳು ಸುಮ್ಮನಿರುವ ಕೈಗಳಲ್ಲ. ಯಾರಾದರೂ ನಿಧಾನವಾಗಿ ಈರುಳ್ಳಿ ಹೆಚ್ಚುತ್ತಿದ್ದರೆ ಚಾಕು ಕಿತ್ತುಕೊಳ್ಳುತ್ತೇನೆ. ಎದುರಿಗಿರುವವರು ಮಾತು ಮುಗಿಸುವ ಮೊದಲೇ ನಾನೇ ಮುಗಿಸಿಕೊಡುತ್ತೇನೆ. ತುಮಕೂರಿನ ಮನೆಯಲ್ಲಿ ಅಮ್ಮಿ ದಿನಕ್ಕೆ ಹತ್ತು ಸಲ "ಹಾತ್ ನಕ್ಕೋ ಲಗಾ", ಕೈ ಹಾಕಬೇಡ, ಎಂದು ಗದರುತ್ತಿದ್ದಳು. ತರಬೇತಿಯಲ್ಲಿ ಪಾಠ ಹೇಳಿಕೊಡುವ ನಾಟಕ ಮಾಡಿಸಿದಾಗಲೂ ನಾನು ಪದೇ ಪದೇ ಪೆನ್ನು ಕಸಿದುಕೊಂಡೆ. ನಮ್ಮ ಸಂಯೋಜಕಿ ಲೀಡ್ಸ್ ಕಡೆಯವರು, ಎಲ್ಲರನ್ನೂ 'ಲವ್' ಎಂದೇ ಕರೆಯುವವರು. "ತಡೆಯೋಕಾಗದಿದ್ರೆ ಕೈಗಳ ಮೇಲೆ ಕೂತುಬಿಡು, ಲವ್" ಅಂದರು. ನಾನು ಹಾಗೇ ಮಾಡಿದೆ. ಆ ವರ್ಷ ಪ್ರತಿ ಬುಧವಾರ ಮಧ್ಯಾಹ್ನ ಒಂದು ಗಂಟೆ ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿರುತ್ತಿದ್ದೆ.

ನನ್ನ ಗುಂಪಿನಲ್ಲಿ ಆರು ಜನರಿದ್ದರು. ಇಲ್ಲಿ ಇಬ್ಬರ ವಿಷಯ ಸಾಕು, ಏಕೆಂದರೆ ಲ್ಯಾಬಿನಲ್ಲಿ ಅವರಿಬ್ಬರು ಒಂದು ಜೋಡಿ. ಒಬ್ಬ ಹತ್ತಿರದ ಡಡ್ಲಿ ಎಂಬ ಊರಿನ ಹುಡುಗ, ಆರಡಿ ಎತ್ತರ, ಏನೇ ಕೊಟ್ಟರೂ ಮೊದಲು ಬಿಚ್ಚಿ ನೋಡಿ ಆಮೇಲೆ ಯೋಚಿಸುವವನು. ಇನ್ನೊಬ್ಬಳು ಸಾಲಿಹಲ್‌ನ ಹುಡುಗಿ. ಅವಳ ಅಪ್ಪ ಎಜ್‌ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು, ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನವರು, ಅವಳು ಹುಟ್ಟಿದ್ದು ಮಾತ್ರ ಇಲ್ಲೇ. ಮೊದಲ ಬುಧವಾರ ನಾನು ಕಾರಿಡಾರಿನಲ್ಲಿ ಊರಿನ ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದುದನ್ನು ಕೇಳಿಸಿಕೊಂಡು ಕಾದು ನಿಂತಿದ್ದಳು.

"ನೀವು ಕನ್ನಡ" ಅಂದಳು ಇಂಗ್ಲಿಷಿನಲ್ಲಿ.

"ಹೌದು. ನೀನೂನಾ?"

"ಸ್ವಲ್ಪ ಸ್ವಲ್ಪ." ಇದೊಂದು ಕನ್ನಡದಲ್ಲಿ ಬಂತು. ಆಮೇಲೆ ಮತ್ತೆ ಇಂಗ್ಲಿಷು: "ನಿಮ್ಮನ್ನು ಏನಂತ ಕರೀಲಿ? ಅಮ್ಮ ಇದ್ದಿದ್ರೆ ಅಕ್ಕ ಅನ್ನು ಅಂತಿದ್ರು."

ಹಾಗೆ ನಾನು ಅಕ್ಕನಾದೆ. ಡಡ್ಲಿಯ ಹುಡುಗ ಅದೇ ನನ್ನ ಹೆಸರು ಅಂದುಕೊಂಡ. ಮುಂದಿನ ವಾರದ ಹೊತ್ತಿಗೆ ಗುಂಪಿಗೆ ಗುಂಪೇ ಅಕ್ಕ ಎಂದು ಕರೆಯತೊಡಗಿತು. "ಹಾಯ್ ಅಕ್ಕ, ಇವತ್ತು ಹತ್ತು ನಿಮಿಷ ಲೇಟು" ಎಂದು ಅವನು ಮೆಸೇಜು ಕಳಿಸಿದಾಗ ತಿದ್ದಬೇಕು ಅನ್ನಿಸಲಿಲ್ಲ, ಖುಷಿಯೇ ಆಯಿತು. ಆದರೆ ಅಕ್ಕನಿಗೂ ನಿಯಮಕ್ಕೂ ಹೊಂದುತ್ತಿರಲಿಲ್ಲ. ಆ ಹುಡುಗಿ ಎಲ್ಲರೆದುರು ಬಾಯಿ ಬಿಡುತ್ತಿರಲಿಲ್ಲ. ಬೇರೆಯವರು ಹೋದ ಮೇಲೆ ಬ್ಯಾಗು ಹೆಗಲಿಗೇರಿಸಿಕೊಂಡು ನನ್ನ ಮುಂದೆ ನಿಂತು "ಅಕ್ಕಾ, ಒಂದ್ನಿಮಿಷ" ಅನ್ನುವಳು. ನಾನು "ನಿನಗೇನನ್ನಿಸುತ್ತೆ?" ಅಂದರೆ ಮುಖ ಸಪ್ಪಗಾಗುವುದು. ಉತ್ತರ ಗೊತ್ತಿದ್ದೂ ಹೇಳದವಳು ಎಂಥ ಅಕ್ಕ ಎಂದು ಬಸ್ಸಿನಲ್ಲಿ ಕೂತು ನನಗೇ ಕಿರಿಕಿರಿಯಾಗುತ್ತಿತ್ತು.

ಈ ನಡುವೆ ಅವಳ ಅಮ್ಮ ಫೋನ್ ಮಾಡಿದರು. ನನ್ನ ಹೆಸರು ಕೇಳಿ ಒಂದು ಕ್ಷಣ ತಡೆದು, "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಮ್ಮಾ ನೀವು" ಅಂದರು.

"ಹುಟ್ಟಿ ಬೆಳೆದಿದ್ದು ತುಮಕೂರು, ಆಂಟಿ. ಇನ್ಯಾವುದು ಮಾತಾಡ್ಲಿ?" ಅಂದೆ. ಮನೆಯ ಮಾತು ದಖನಿಯಾದರೆ ಬೀದಿಯ ಕನ್ನಡ ಬರಬಾರದೇ ಎಂದು ಒಳಗೊಳಗೇ ಉರಿಯಿತು. ಅವರಿಗೂ ಗೊತ್ತಾಯಿತು. ನಕ್ಕು, ನೀವು ಬಿಟ್ಟು ನೀನು ಎಂದೇ ಶುರುಮಾಡಿದರು. ಆಮೇಲೆ ನನಗೂ ಸಿಟ್ಟು ಉಳಿಯಲಿಲ್ಲ.

"ನೋಡಮ್ಮ, ನಮ್ಮ ಹುಡುಗಿ ಬಾಯಿ ಬಿಡಲ್ಲ. ಏನು ಹೇಳಿದ್ರೂ ಆಯ್ತು ಆಯ್ತು ಅಂತಾಳೆ, ಎದ್ದು ಮಾಡೋದು ಅವಳಿಗೆ ತೋಚಿದಾಗ. ಅವರಪ್ಪ ಮೆಡಿಸಿನ್ ತಗೋ ಅಂದ್ರು, ಹಟ ಮಾಡಿ ಇದಕ್ಕೆ ಸೇರ್ಕೊಂಡ್ಲು. ಈಗ ಫೇಲಾದ್ರೆ ಅವರ ಮುಂದೆ ತಲೆ ಎತ್ತೋಕಾಗಲ್ಲ ಅವಳಿಗೆ. ನೀನೇ ಸ್ವಲ್ಪ ನೋಡ್ಕೋ ಕಣಮ್ಮ."

ಮುಂದಿನ ಬುಧವಾರ ಒಂದು ಡಬ್ಬಿ ಪುಳಿಯೋಗರೆ ಬಂತು. ಮುಕ್ಕಾಲು ಪಾಲು ಡಡ್ಲಿಯ ಹುಡುಗನೇ ತಿಂದ.

ಮೊದಲ ವರ್ಷದವರು ಜೋಡಿಯಾಗಿ ಒಂದು ಪವರ್ ಸಪ್ಲೈ ಬೋರ್ಡ್ ಕಟ್ಟಬೇಕಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿರುವ ಟ್ರಾನ್ಸ್‌ಫಾರ್ಮರಿನಿಂದ ಹದಿನೆಂಟು ವೋಲ್ಟ್ ಎ.ಸಿ. ಬರುತ್ತದೆ. ನಾಲ್ಕು ಡಯೋಡುಗಳು ಸೇರಿ ಅದನ್ನು ಒಂದೇ ದಿಕ್ಕಿಗೆ ಹರಿಸುತ್ತವೆ. ಹೆಬ್ಬೆರಳಿಗಿಂತ ದಪ್ಪವಾದ ಕೆಪಾಸಿಟರ್ ಅದರ ಏರಿಳಿತವನ್ನು ತಗ್ಗಿಸುತ್ತದೆ. ಕೊನೆಗೆ ರೆಗ್ಯುಲೇಟರ್ ಅಲುಗಾಡದ ಹನ್ನೆರಡು ವೋಲ್ಟ್ ಕೊಡುತ್ತದೆ. ಲೋಡ್, ಎಂದರೆ ಕರೆಂಟು ಎಳೆಯುವ ಬಲ್ಬಿನಂಥದ್ದನ್ನು, ಹಾಕಿದರೂ ಅದು ಇಳಿಯಬಾರದು. ಟರ್ಮಿನ ಕೊನೆಯ ವಾರ ಇದನ್ನು ಅಧ್ಯಾಪಕರ ಮುಂದೆ ನಡೆಸಿ ತೋರಿಸಬೇಕು, ತೋರಿಸಲಾಗದವರಿಗೆ ಎರಡನೇ ವರ್ಷವಿಲ್ಲ. ಬೋರ್ಡಿಗೆ ಕೈ ಹಾಕುವ ಮೊದಲು ಏನು ಮಾಡಬೇಕೆಂದು ಲ್ಯಾಬಿನ ಗೋಡೆಯ ಮೇಲೇ ಬರೆದಿತ್ತು: ಸ್ವಿಚ್ ಆರಿಸು, ರೆಸಿಸ್ಟರ್ ತಾಗಿಸಿ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಸು, ಮೀಟರ್ ಹಿಡಿದು ನೋಡು, ಆಮೇಲೆ ಮುಟ್ಟು. ಅದರ ಕೆಳಗೆ ಕೆಂಪಕ್ಷರದಲ್ಲಿ ಇನ್ನೊಂದು ಸಾಲಿತ್ತು. ಕರೆಂಟಿರುವ ಸರ್ಕ್ಯೂಟನ್ನು ಸುರಕ್ಷಿತವೆಂದು ಹೇಳಿದವರಿಗೆ ಆ ಟರ್ಮು ಪೂರ್ತಿ ಲ್ಯಾಬಿಗೆ ಪ್ರವೇಶವಿಲ್ಲ.

ಅನಾಹುತ ಆದದ್ದು ಮೆಂಟರುಗಳು ಬರಬಹುದಾದ ಅಭ್ಯಾಸದ ಗಂಟೆಯಲ್ಲಿ. ಇವರ ಬೋರ್ಡು ಹನ್ನೆರಡರ ಬದಲು ಒಂಬತ್ತು ತೋರಿಸುತ್ತಿತ್ತು. ಕೆಪಾಸಿಟರಿನ ಒಂದು ಕಾಲು ಸಡಿಲವಾಗಿದೆ ಎಂದು ಹುಡುಗ ಪ್ಲೈಯರ್ ಹಿಡಿದು ಸಿದ್ಧನಾಗಿದ್ದ. ಹುಡುಗಿ ಪುಸ್ತಕದ ಹಾಳೆ ಮಗುಚುತ್ತ ಗಾಬರಿಯಲ್ಲಿದ್ದಳು. ಸ್ವಿಚ್ಚಿನ ಪೆಟ್ಟಿಗೆ ಅವಳ ಪಕ್ಕದಲ್ಲಿತ್ತು, ಅದರ ದೀಪಕ್ಕೆ ಅವಳ ಜಾಕೆಟ್ ಅಡ್ಡವಾಗಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ, ಬಾಯಿಯನ್ನು ಕಟ್ಟಿಕೊಂಡಿರಲಿಲ್ಲ. ಉಳಿದವರೆದುರು ಅವಳಿಗೆ ಅವಮಾನವಾಗದಿರಲಿ ಎಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದೆ: "ಆಫ್ ಮಾಡಿ ಡಿಸ್ಚಾರ್ಜ್ ಮಾಡು."

ಹುಡುಗಿ ಪುಸ್ತಕದ ಕಡೆ ತಿರುಗಿದಳು. ನಾನು ಮೀಟರಿನ ಕಡೆ ಬಾಗಿ ಅದರ ಗುಂಡಿಯನ್ನು ಯಾವ ಗೆರೆಗೆ ತಿರುಗಿಸಿದ್ದಾರೆಂದು ನೋಡುತ್ತಿದ್ದೆ.

"ಆಯ್ತು ಅಕ್ಕ" ಎಂದು ಕೇಳಿಸಿತು.

ನಾನು ತಲೆಯಾಡಿಸಿದೆ. ಹುಡುಗ ನೋಡುತ್ತಿದ್ದದ್ದು ನನ್ನ ತಲೆಯನ್ನು. ಪ್ಲೈಯರ್ ಇಳಿಸಿದ.

ಪಟಾಕಿ ಹೊಡೆದ ಸದ್ದು, ನೀಲಿ ಬೆಳಕು, ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಹುಡುಗ "ಬ್ಲಡಿ ಹೆಲ್" ಎಂದು ಹಿಂದಕ್ಕೆ ಹಾರಿದ. ಯಾರಿಗೂ ಏನೂ ಆಗಲಿಲ್ಲ. ಪ್ಲೈಯರಿನ ತುದಿ ಕರಗಿ ಗುಳಿ ಬಿದ್ದಿತ್ತು, ಡಯೋಡುಗಳು ಸೀಳಿದ್ದವು, ಬೋರ್ಡಿನ ತಾಮ್ರದ ಪಟ್ಟಿ ಸುರುಳಿ ಸುತ್ತಿ ಮೇಲೆದ್ದಿತ್ತು. ನಾನು ಹುಡುಗಿಯ ಕಡೆ ತಿರುಗಿದೆ. ಅವಳ ಕೈ ಸ್ವಿಚ್ಚಿನತ್ತ ಅರ್ಧ ದಾರಿಯಲ್ಲಿತ್ತು.

ಲ್ಯಾಬ್ ಮ್ಯಾನೇಜರು ನಮ್ಮನ್ನು ಅವರ ಗಾಜಿನ ಕೋಣೆಗೆ ಕರೆದರು. ಸಂಯೋಜಕಿಗೂ ಹೇಳಿ ಕಳಿಸಿದರು. ಮ್ಯಾನೇಜರು ಕೂಗಾಡುವ ಮನುಷ್ಯರಲ್ಲ. ಒಬ್ಬೊಬ್ಬರನ್ನಾಗಿ, ಏನಾಯಿತು, ಯಾವುದರ ನಂತರ ಯಾವುದು ಎಂದು ಕೇಳಿದರು.

"ಅಕ್ಕ ಏನೋ ಅಂದಳು, ಇವಳು ಏನೋ ಅಂದಳು. ಅಕ್ಕ ತಲೆಯಾಡಿಸಿದಳು" ಎಂದ ಡಡ್ಲಿಯ ಹುಡುಗ. "ಸರಿ ಇದೆ ಅಂತ ತಿಳ್ಕೊಂಡೆ."

"ಇವಳು ಏನಂದಳು?"

ಹುಡುಗಿ ನೆಲ ನೋಡುತ್ತ "ಓಕೆ ಅಂದೆ" ಎಂದಳು.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಆ ಪದ ಏನು? ಅದಕ್ಕೆ ಓಕೆ ಅಂತ ಅರ್ಥವೋ, ಮಾಡಿ ಆಗಿದೆ ಅಂತ ಅರ್ಥವೋ?"

ಆ ಹುಡುಗಿಯನ್ನು ಬಿಟ್ಟರೆ ಆ ಕಟ್ಟಡದಲ್ಲಿ ಅದಕ್ಕೆ ಉತ್ತರ ಹೇಳಬಲ್ಲವಳು ನಾನೊಬ್ಬಳೇ. ನಮ್ಮ ಮನೆಯ ಮಾತಿನಲ್ಲಿ ಈ ತೊಂದರೆಯೇ ಇಲ್ಲ. ಮುಗಿದಿದ್ದರೆ ಹೋಗಯಾ, ಒಪ್ಪಿದ್ದರೆ ಅಚ್ಛಾ. ಕನ್ನಡದಲ್ಲಿ ಎರಡಕ್ಕೂ ಆಯ್ತು ಸಾಕು, ಹೇಳುವವರ ಮುಖ ನೋಡಿದರೆ ಯಾವುದೆಂದು ತಿಳಿಯುತ್ತದೆ. ನಾನು ಮೀಟರ್ ನೋಡುತ್ತಿದ್ದೆ. 'ಮಾಡಿ ಆಗಿದೆ' ಎಂದು ಹೇಳಿದರೆ ನಾನು ಕೇಳಿಸಿಕೊಂಡದ್ದನ್ನೇ ಹೇಳಿದಂತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಕೆಂಪಕ್ಷರದ ಸಾಲು ಹುಡುಗಿಯ ತಲೆಯ ಮೇಲೆ ಬೀಳುತ್ತದೆ, ಅವಳ ವರ್ಷ ಅಲ್ಲಿಗೇ ಮುಗಿಯುತ್ತದೆ. 'ಓಕೆ' ಎಂದು ಹೇಳಿದರೆ ಅವಳು ಅಂದದ್ದನ್ನು ಹೇಳಿದಂತೆ. ಆಗ ಮಾಡುತ್ತೇನೆ ಎಂದವಳಿಗೆ ಮಾಡಿದ್ದಾಳೆ ಎಂದು ತಲೆಯಾಡಿಸಿದವಳು ನಾನಾಗುತ್ತೇನೆ. ಅದೂ ಮೂರನೆಯವನಿಗೆ ಗೊತ್ತಿಲ್ಲದ ಭಾಷೆಯಲ್ಲಿ. ಮ್ಯಾಂಚೆಸ್ಟರ್ ಹತ್ತಿರದ ಬರ್ಚ್‌ವುಡ್‌ನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ನನಗೆ ಇಂಟರ್‌ವ್ಯೂ ಇತ್ತು, ಯಂತ್ರಗಳ ಸುರಕ್ಷತೆಯೇ ಅವರ ಕಸುಬು. ನನ್ನ ಪರವಾಗಿ ಅವರಿಗೆ ಬರೆಯಬೇಕಾದ ಸಂಯೋಜಕಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಕೆಲಸ ಸಿಗದಿದ್ದರೆ ವೀಸಾ ಮುಗಿದೊಡನೆ ಗಂಟುಮೂಟೆ ಕಟ್ಟಬೇಕು. ಇಷ್ಟೂ ನನ್ನ ತಲೆಯಲ್ಲಿ ಓಡಿತು, ಓಡಲಿಲ್ಲ ಎಂದರೆ ಸುಳ್ಳು.

"ಎರಡೂ ಅರ್ಥ ಬರುತ್ತೆ" ಅಂದೆ. "ಆದ್ರೆ ಅವಳು ಹೇಳಿದ್ದು ಮಾಡ್ತೀನಿ ಅಂತ. ಅವಳ ಕೈ ಸ್ವಿಚ್ಚಿನ ಕಡೆ ಹೋಗ್ತಿತ್ತು, ನಾನು ನೋಡಿದೀನಿ. ಯಾವ ಅರ್ಥ ಅಂತ ಕೇಳಬೇಕಾಗಿದ್ದು ನಾನು. ಕೇಳದೆ ತಲೆಯಾಡಿಸಿದೆ."

ಸಂಯೋಜಕಿ ಕಣ್ಣು ಮುಚ್ಚಿ ತೆರೆದರು. ಹುಡುಗಿಗೆ ಹೊಸ ಖಾಲಿ ಬೋರ್ಡು ಸಿಕ್ಕಿತು. ನನಗೆ ಲ್ಯಾಬಿನ ಬಾಗಿಲು ಮುಚ್ಚಿತು. ಬುಧವಾರದ ತರಗತಿ ಮುಂದುವರಿಸಬಹುದು, ಆದರೆ ಬರ್ಚ್‌ವುಡ್‌ಗೆ ಬರೆಯುವಾಗ ಇದನ್ನು ಬಿಟ್ಟು ಬರೆಯಲಾಗುವುದಿಲ್ಲ ಎಂದು ಸಂಯೋಜಕಿ ಹೇಳಿದರು. ಹೇಳುವಾಗ ಅವರಿಗೂ ಕಷ್ಟವಾಯಿತು.

ಆ ವಾರ ಹುಡುಗಿ ನನ್ನ ಕಣ್ಣಿಗೇ ಬೀಳಲಿಲ್ಲ. ಬುಧವಾರ ತಪ್ಪದೆ ಬಾ ಎಂದು ಮೆಸೇಜು ಕಳಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ "ಆಯ್ತು" ಎಂದು ಬಂತು. ಫೋನು ದಿಟ್ಟಿಸುತ್ತ ಕೂತೆ. ಕೊನೆಗೆ "ಯಾವ ಆಯ್ತು?" ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಉತ್ತರ: "ಬರ್ತೀನಿ ಅನ್ನೋ ಆಯ್ತು."

ಬಂದಳು. ಅಂದು ಕೈಗಳ ಮೇಲೆ ಕೂರುವುದು ಎಂದಿಗಿಂತ ಕಷ್ಟವಾಯಿತು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿಗೆ ಯಾಕೆ ಹೆದರಬೇಕು ಎಂದು ಗುಂಪಿಗೆ ಕೇಳಿದೆ. ಅಲ್ಲಿಯವರೆಗೆ ಎಲ್ಲರೆದುರು ಬಾಯಿ ತೆರೆಯದವಳು ನನ್ನನ್ನು ನೋಡದೆ, ವೈಟ್‌ಬೋರ್ಡಿನ ಪೆನ್ನು ಬೆರಳಲ್ಲಿ ತಿರುಗಿಸುತ್ತ ತನಗೆ ತಾನೇ ಹೇಳಿಕೊಂಡಂತೆ ಕನ್ನಡದಲ್ಲಿ ಶುರುಮಾಡಿದಳು.

"ಜಯನಗರದಲ್ಲಿ ಅಜ್ಜಿ ಮನೆ... ನೀರು ದಿನಾ ಬರಲ್ಲ. ಒಂದಿನ ಬರತ್ತೆ, ಒಂದಿನ ಇಲ್ಲ. ಆದ್ರೆ ನಲ್ಲಿ ಯಾವಾಗ್ಲೂ ಬರತ್ತೆ." ತಡೆದಳು. "ಯಾಕಂದ್ರೆ ಮೇಲೆ ಟ್ಯಾಂಕ್."

ನಾನು "ಹ್ಞೂಂ" ಅಂದೆ, ಅಷ್ಟೇ.

"ನೀರಿನವರು ಆಫ್ ಮಾಡಿದ್ರೂ ಟ್ಯಾಂಕ್ ಫುಲ್ಲೇ ಇರತ್ತೆ." ಅವಳ ಕಣ್ಣು ಅಗಲವಾದವು. ಎದ್ದು ಹೋಗಿ ವೈಟ್‌ಬೋರ್ಡಿನ ಮೇಲೆ ಟ್ಯಾಂಕು, ಅದಕ್ಕೆ ನೀರು ಬರುವ ಪೈಪು, ನಲ್ಲಿ ಎಲ್ಲವನ್ನೂ ಬರೆದು ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ದಿನ ಬಿಟ್ಟು ದಿನ ನೀರು ಬರುತ್ತದೆಂಬುದನ್ನು ಡಡ್ಲಿಯ ಹುಡುಗನಿಗೆ ನಂಬಿಸುವುದೇ ದೊಡ್ಡ ಕೆಲಸವಾಯಿತು. ನಂಬಿದ ಮೇಲೆ ಒಂದು ಮಾತು ಹೇಳಿದ: "ಹಾಗಾದ್ರೆ ಇನ್ನು ಮೇಲೆ ಯಾವ ಭಾಷೇಲೂ ಓಕೆ ಬೇಡ. ಮೀಟರಿನಲ್ಲಿ ಎಷ್ಟಿದೆಯೋ ಆ ನಂಬರ್ ಹೇಳು. ಸೊನ್ನೆ ಪಾಯಿಂಟ್ ಏನೋ ಅಂದ್ರೆ ಮುಟ್ತೀನಿ, ಇಲ್ಲದಿದ್ರೆ ಇಲ್ಲ." ಎಲ್ಲರೂ ಒಪ್ಪಿದರು. ಅವಳು ಬಾಯಿ ತಪ್ಪಿ "ಆಯ್ತು" ಅಂದಳು. "ನಂಬರ್ ಹೇಳು" ಎಂದ ಅವನು. ಆ ಅನಾಹುತದ ನಂತರ ಅವಳು ನಕ್ಕದ್ದು ಅದೇ ಮೊದಲು.

ಹೊಸ ಬೋರ್ಡು ಮುಗಿಯಿತು, ಆದರೆ ಸರಿಯಾಗಿ ನಡೆಯಲಿಲ್ಲ. ಪ್ರದರ್ಶನದ ಹಿಂದಿನ ಮಧ್ಯಾಹ್ನ ಅವಳು ಲ್ಯಾಬಿನಿಂದ ಓಡಿ ಬಂದಳು. ನಾನು ಒಳಗೆ ಹೋಗುವಂತಿರಲಿಲ್ಲ, ಕಾಲು ನಿಲ್ಲದೆ ಕಾರಿಡಾರಿನಲ್ಲಿ ಓಡಾಡುತ್ತಿದ್ದೆ.

"ಅಕ್ಕಾ, ಲೋಡ್ ಇಲ್ದೆ ಹನ್ನೆರಡು ಬರತ್ತೆ. ಲೋಡ್ ಹಾಕಿದ್ರೆ ಇಳಿಯತ್ತೆ, ನಡುಗತ್ತೆ. ಯಾಕೆ?"

ನನಗೆ ಅಲ್ಲಿಯೇ ಗೊತ್ತಾಯಿತು. ಯಾವುದೋ ಒಂದು ಡಯೋಡಿನ ಸೋಲ್ಡರ್ ಸರಿಯಾಗಿ ಹಿಡಿದಿಲ್ಲ, ಹಾಗಾಗಿ ಅರ್ಧ ಅಲೆ ಮಾತ್ರ ದಾಟುತ್ತಿದೆ. ನಾಲ್ಕು ಮಾತಿನಲ್ಲಿ ಹೇಳಬಹುದಿತ್ತು. ಮರುದಿನ ಅವಳು ಅಧ್ಯಾಪಕರ ಮುಂದೆ ನಿಲ್ಲಬೇಕು, ನಾನು ಆ ಹೊತ್ತಿಗೆ ಬರ್ಚ್‌ವುಡ್‌ನಲ್ಲಿರಬೇಕು. ಹೇಳಿಬಿಡು, ಏನಾಗುತ್ತದೆ, ನೀನು ಅಕ್ಕ ತಾನೇ ಎಂದು ಮನಸ್ಸು ಕಿತ್ತಾಡಿತು. ಆದರೆ ನಾಳೆ ಅಧ್ಯಾಪಕರು ಯಾಕೆ ಎಂದು ಕೇಳಿದರೆ ನನ್ನ ನಾಲ್ಕು ಮಾತು ಅವಳ ಬಾಯಲ್ಲಿ ಎಷ್ಟು ಹೊತ್ತು ನಿಂತೀತು? ಕೈಗಳನ್ನು ಜೇಬಿಗೆ ತುರುಕಿದೆ.

"ಅಜ್ಜಿ ಮನೇಲಿ ಎಲ್ಲಾ ನಲ್ಲಿ ಒಟ್ಟಿಗೆ ಬಿಟ್ಟಾಗ ಟ್ಯಾಂಕ್ ಬೇಗ ಖಾಲಿಯಾದ್ರೆ ನಿನಗೇನನ್ನಿಸುತ್ತೆ?"

ಅವಳ ಮುಖ ಕೆಂಪಾಯಿತು. "ನಿಮಗೆ ಗೊತ್ತು. ಗೊತ್ತಿದ್ದೂ ಹೇಳಲ್ಲ" ಅಂದಳು, ಸ್ಪಷ್ಟ ಕನ್ನಡದಲ್ಲಿ. "ನೀವು ಅಕ್ಕ ಅಲ್ಲ, ಮೆಂಟರ್." ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಅಂದು ನನಗೆ ಅಳು ಬಂತು. ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನನ್ನನ್ನೇ ಬೈದುಕೊಂಡೆ. ಮೆಸೇಜಿನಲ್ಲಿ 'ಡಯೋಡ್ ನೋಡು' ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಫೋನನ್ನು ಅಡುಗೆಮನೆಯ ಕಪಾಟಿನಲ್ಲಿ ಅಕ್ಕಿಯ ಡಬ್ಬಿಯ ಹಿಂದಿಟ್ಟು ಮಲಗಿದೆ.

ಬರ್ಚ್‌ವುಡ್‌ನಲ್ಲಿ ಮೂವರು ಕೂತು ಪ್ರಶ್ನೆ ಕೇಳಿದರು. ಸಂಯೋಜಕಿ ಬರೆದದ್ದು ಅವರ ಮುಂದಿತ್ತು. "ಈ ಘಟನೆಯ ನಂತರ ಏನು ಬದಲಾಯಿಸಿದಿರಿ?" ಎಂದರು. ಸರಿ, ಓಕೆ ಎನ್ನುವ ಪದಗಳನ್ನು ಬಿಟ್ಟೆವು, ಮೀಟರಿನ ಅಂಕಿ ಮಾತ್ರ ಹೇಳುತ್ತೇವೆ ಎಂದೆ. ಒಬ್ಬರು ಏನೋ ಗುರುತು ಹಾಕಿಕೊಂಡರು. ಅವರು ನನ್ನನ್ನು ತೆಗೆದುಕೊಳ್ಳಲಿಲ್ಲ, ಅದು ತಿಳಿದದ್ದು ಮುಂದಿನ ವಾರ. ಆ ಮಧ್ಯಾಹ್ನ ನನಗೆ ಅದರ ಯೋಚನೆಯೂ ಇರಲಿಲ್ಲ. ಸಾಲಿಹಲ್‌ನ ಹುಡುಗಿಯ ಸರದಿ ಮುಗಿದಿರಬೇಕಲ್ಲ, ಇನ್ನೂ ಯಾಕೆ ಸುದ್ದಿಯಿಲ್ಲ ಎಂದು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಿದ್ದೆ. ಬೆಂಚಿನಲ್ಲಿ ಕೂತಿದ್ದ ಹೆಂಗಸು, ಮ್ಯಾಂಚೆಸ್ಟರ್ ರೈಲು ಇಲ್ಲೇ ನಿಲ್ಲುತ್ತದೆ, ಅಷ್ಟು ಓಡಾಡಬೇಡ ಎಂದು ಸಮಾಧಾನ ಹೇಳಿದಳು.

ಫೋನು ಗುಂಯ್ಗುಟ್ಟಿತು. ಅವಳದೇ. ಒಂದೇ ಪದ.

"ಆಯ್ತು."

ಪ್ರದರ್ಶನ ಆಯ್ತೋ? ಕತೆಯೇ ಮುಗಿದುಹೋಯ್ತೋ? ಅಥವಾ ಅಮ್ಮನಿಗೆ ಹೇಳುವ ಹಾಗೆ, ಸಾಕು, ನನ್ನ ಪಾಡಿಗೆ ಬಿಡಿ ಎಂಬ ಆಯ್ತೋ? ಮುಖ ನೋಡೋಣವೆಂದರೆ ಅವಳು ಬರ್ಮಿಂಗ್‌ಹ್ಯಾಮಿನಲ್ಲಿದ್ದಳು. ಚಳಿಗೆ ಮರಗಟ್ಟಿದ ಬೆರಳುಗಳಿಂದ ಬರೆದೆ.

"ಯಾವ ಆಯ್ತು?"

ಪರದೆಯ ಮೇಲೆ ಮೂರು ಚುಕ್ಕಿಗಳು ಕಾಣಿಸಿಕೊಂಡು ಮಾಯವಾದವು, ಮತ್ತೆ ಕಾಣಿಸಿಕೊಂಡವು. ಆಮೇಲೆ ಬಂತು.

"12.01. ಲೋಡ್ ಹಾಕಿದ ಮೇಲೆ. ಒಂದು ಪೈಪಲ್ಲಿ ನೀರೇ ಬರ್ತಿರಲಿಲ್ಲ."

ನಾನು ಅದನ್ನು ಎರಡು ಸಲ ಓದುವಷ್ಟರಲ್ಲಿ ರೈಲು ಬಂದು ನಿಂತಿತು. ಬಾಗಿಲ ಬಳಿ ಇನ್ನೊಂದು ಮೆಸೇಜು ಬಂತು.

"ಆಫ್ ಮಾಡಿ ಡಿಸ್ಚಾರ್ಜ್ ಮಾಡಿದೆ. 0.02, ಅಕ್ಕ."